ಅರ್ಥ ಹೇಳುವವರ ಸೇವೆ: ‘ಡಿಸ್ಟಿಲ್’ ಪತ್ರಿಕೆ ಕಲಿಸುವ ಪಾಠ

ಕೊರಿಂಥದ ಆದಿ ಕ್ರೈಸ್ತಸಭೆಯಲ್ಲಿ ಒಂದು ವಿಚಿತ್ರ ಸಮಸ್ಯೆ ತಲೆದೋರಿತ್ತು. ಪವಿತ್ರಾತ್ಮರ ವರದಾನಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಪ್ರಾರ್ಥನಾಕೂಟಗಳಲ್ಲಿ ಅನೇಕರು ಅನ್ಯಭಾಷೆಗಳಲ್ಲಿ ಮಾತನಾಡುತ್ತಿದ್ದರು. ಆದರೆ ಮಾತನಾಡುವವರ ಉತ್ಸಾಹ ಹೆಚ್ಚಿದಂತೆ ಕೇಳುವವರ ಗೊಂದಲವೂ ಹೆಚ್ಚುತ್ತಿತ್ತು. ಸಂತ ಪೌಲರು ಆ ಸಭೆಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುತ್ತಾರೆ. ಆ ವರವನ್ನು ಅವರು ಅಲ್ಲಗಳೆಯುವುದಿಲ್ಲ. ತಮಗೂ ಅದು ಇದೆಯೆಂದೇ ಹೇಳುತ್ತಾರೆ. ಆದರೂ ಅರ್ಥ ಹೇಳಬಲ್ಲವರು ಇಲ್ಲದಿದ್ದಲ್ಲಿ ಅಂಥ ಮಾತು ಸಭೆಗೆ ಪ್ರಯೋಜನವಿಲ್ಲವೆಂದೂ, ಯಾರಿಗೂ ತಿಳಿಯದ ಸಾವಿರಾರು ಮಾತುಗಳಿಗಿಂತ ಬುದ್ಧಿಗೆ ಎಟಕುವ ನಾಲ್ಕೈದು ಮಾತುಗಳೇ ಲೇಸೆಂದೂ ಅವರ ಅಭಿಪ್ರಾಯ. ಹೀಗೆ ಅರ್ಥ ಹೇಳುವುದು ಪೌಲರ ದೃಷ್ಟಿಯಲ್ಲಿ ಎರಡನೆಯ ದರ್ಜೆಯ ಕೆಲಸವಲ್ಲ; ಅದೂ ಒಂದು ವರದಾನ, ಸಭೆಯನ್ನು ಕಟ್ಟುವ ಸೇವೆ.

ನಮ್ಮ ಕಾಲದ ಅನ್ಯಭಾಷೆಗಳಲ್ಲಿ ಕೃತಕ ಬುದ್ಧಿಮತ್ತೆಯ ಭಾಷೆಯೂ ಒಂದು. ಅದರ ಹೆಸರು ಈಗ ಎಲ್ಲರ ಬಾಯಲ್ಲಿದೆ. ಬ್ಯಾಂಕಿನ ಸಾಲದ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ಕ್ಷ-ಕಿರಣ ಚಿತ್ರದವರೆಗೆ ಅದರ ಕೈ ಚಾಚಿದೆ. ಆದರೆ ಆ ಯಂತ್ರದೊಳಗೆ ನಡೆಯುವುದೇನು ಎಂಬುದನ್ನು ತಿಳಿದವರು ಕೆಲವರೇ. ತಿಳಿದದ್ದನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವರು ಇನ್ನೂ ಕೆಲವರು. ಅರ್ಥ ಹೇಳುವ ಈ ಕೆಲಸವನ್ನೇ ತನ್ನ ಧ್ಯೇಯವಾಗಿಸಿಕೊಂಡು ಹುಟ್ಟಿದ ಒಂದು ಅಂತರಜಾಲ ಪತ್ರಿಕೆ ‘ಡಿಸ್ಟಿಲ್’. ಅಮೆರಿಕದಲ್ಲಿ 2017ರ ಮಾರ್ಚ್‌ನಲ್ಲಿ ಔಪಚಾರಿಕವಾಗಿ ಆರಂಭಗೊಂಡ ಅದು 2021ರ ಜುಲೈ 2ರಂದು ತನ್ನ ಕೆಲಸಕ್ಕೆ ವಿರಾಮ ಘೋಷಿಸಿತು. ಅದರ ಬೆಳವಣಿಗೆ ಮತ್ತು ವಿರಾಮ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಪತ್ರಿಕೆಯೊಂದು ಬೆಳೆಯುವುದು ಎಂದರೆ ಏನು ಎಂಬ ಪ್ರಶ್ನೆಗೆ ಗಂಭೀರವಾದ ಉತ್ತರವೊಂದು ದೊರೆಯುತ್ತದೆ. ಈ ಲೇಖನದ ಉದ್ದೇಶ ಆ ಉತ್ತರವನ್ನು ಪರಿಶೀಲಿಸುವುದು.

ಸಂಶೋಧನೆಯ ಸಾಲ

‘ಡಿಸ್ಟಿಲ್’ ಎಂಬ ಪದಕ್ಕೆ ಬಟ್ಟಿ ಇಳಿಸುವುದು ಎಂದು ಅರ್ಥ. ಹೊರೆಗಟ್ಟಲೆ ಲಾವಂಚದ ಬೇರಿನಿಂದ ಬೊಗಸೆಯಷ್ಟು ಸುಗಂಧದ ಎಣ್ಣೆಯನ್ನು ತೆಗೆಯುವಂತೆ, ರಾಶಿ ರಾಶಿ ಸಂಶೋಧನೆಯಿಂದ ಸಾರವನ್ನು ಇಳಿಸಿಕೊಡಬೇಕೆಂಬುದು ಸ್ಥಾಪಕರ ಹಂಬಲವಾಗಿತ್ತು. ಅವರಲ್ಲಿ ಮುಖ್ಯರಾದವರು ಕ್ರಿಸ್ ಓಲಾ ಮತ್ತು ಶಾನ್ ಕಾರ್ಟರ್. ಓಲಾ ಅವರು ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೇ ಯಂತ್ರಕಲಿಕೆಯ ಸಂಶೋಧಕರಾಗಿ ಹೆಸರು ಮಾಡಿದವರು. ಕಠಿಣ ವಿಷಯಗಳನ್ನು ಚಿತ್ರಗಳ ಮೂಲಕ ವಿವರಿಸಿದ ಬರಹಗಳಿಂದಲೇ ಮೊದಲಿಗೆ ಅನೇಕರಿಗೆ ಪರಿಚಿತರಾದರು. ಕಾರ್ಟರ್ ಅವರು ‘ನ್ಯೂಯಾರ್ಕ್ ಟೈಮ್ಸ್’ ದೈನಿಕದ ಚಿತ್ರಮಾಹಿತಿ ವಿಭಾಗದಲ್ಲಿ ದುಡಿದು ಬಂದವರು. ಒಬ್ಬರದು ಗಣಿತದ ನಂಟು, ಇನ್ನೊಬ್ಬರದು ಪತ್ರಿಕೆಯ ನಂಟು. ಈ ಎರಡರ ಕೂಡಿಕೆಯೇ ಪತ್ರಿಕೆಯ ಗುಣವನ್ನು ನಿರ್ಧರಿಸಿತು.

ಇವರಿಬ್ಬರೂ ಕೂಡಿ 2017ರ ಮಾರ್ಚ್‌ನಲ್ಲಿ ಬರೆದ ‘ಸಂಶೋಧನೆಯ ಸಾಲ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಪ್ರಬಂಧವೇ ಪತ್ರಿಕೆಯ ಪ್ರಣಾಳಿಕೆ. ಅದರ ವಾದ ಸರಳವಾದುದು. ಹೊಸದನ್ನು ಕಂಡುಹಿಡಿದವನು ಅದನ್ನು ಅವಸರದಲ್ಲಿ, ಅರೆಬೆಂದ ಮಾತುಗಳಲ್ಲಿ, ಗೊಂದಲದ ಸಂಕೇತಗಳಲ್ಲಿ ಬರೆದು ಮುಂದಕ್ಕೆ ಹೋಗುತ್ತಾನೆ. ಅದರಿಂದ ಅವನಿಗೆ ಸಮಯ ಉಳಿಯುತ್ತದೆ. ಆದರೆ ಆ ಉಳಿತಾಯ ನಿಜವಾದ ಉಳಿತಾಯವಲ್ಲ, ಸಾಲ. ಅದನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತಿಂಗಳುಗಳನ್ನು ತೆತ್ತು ಆ ಸಾಲಕ್ಕೆ ಬಡ್ಡಿ ಕಟ್ಟುತ್ತಾನೆ. ಒಬ್ಬ ಲೇಖಕನ ಅಸ್ಪಷ್ಟತೆಗೆ ಸಾವಿರ ಓದುಗರು ಬೆಲೆ ತೆರುತ್ತಾರೆ. ಇಷ್ಟಾದರೂ ಸ್ಪಷ್ಟವಾಗಿ ವಿವರಿಸಿದವನಿಗೆ ವಿದ್ವತ್ ಲೋಕದಲ್ಲಿ ಮನ್ನಣೆಯಿಲ್ಲ. ಕಂಡುಹಿಡಿದವನಿಗೆ ಮಾತ್ರ ಕಿರೀಟ. ಈ ಅನ್ಯಾಯವನ್ನು ಸರಿಪಡಿಸಬೇಕಾದರೆ ವಿವರಣೆಯನ್ನೂ ಸಂಶೋಧನೆಯೆಂದೇ ಗೌರವಿಸುವ ಪತ್ರಿಕೆ ಬೇಕು ಎಂಬುದು ಅವರ ತೀರ್ಮಾನ.

ಈ ವಾದದಲ್ಲಿ ನೀತಿಯ ಅಂಶವೊಂದು ಅಡಗಿರುವುದನ್ನು ಗಮನಿಸಬೇಕು. ಅಸ್ಪಷ್ಟತೆಯನ್ನು ನಾವು ಸಾಮಾನ್ಯವಾಗಿ ಶೈಲಿಯ ದೋಷವೆಂದು ಭಾವಿಸುತ್ತೇವೆ. ಓಲಾ ಮತ್ತು ಕಾರ್ಟರ್ ಅದನ್ನು ಸಾಲವೆಂದು ಕರೆದು, ನೆರೆಯವರಿಗೆ ಸಂಬಂಧಿಸಿದ ವಿಷಯವನ್ನಾಗಿ ಮಾಡಿದರು. ತನಗೆ ತಿಳಿದುದನ್ನು ಇನ್ನೊಬ್ಬರಿಗೆ ತಿಳಿಯದಂತೆ ಹೇಳುವವನು ಆ ಇನ್ನೊಬ್ಬರ ಸಮಯವನ್ನು ಕಸಿದುಕೊಳ್ಳುತ್ತಾನೆ. ಪ್ರವಚನ ಪೀಠದಿಂದ ಮಾತನಾಡುವವರೂ ಪತ್ರಿಕೆಗಳಲ್ಲಿ ಬರೆಯುವವರೂ ಈ ಮಾತನ್ನು ತಮಗೆ ಅನ್ವಯಿಸಿಕೊಂಡರೆ ನಷ್ಟವೇನಿಲ್ಲ.

ಓದುಗನ ಕೈಗೆ ಕೊಟ್ಟ ಚಿತ್ರ

ಧ್ಯೇಯವನ್ನು ಘೋಷಿಸುವುದು ಸುಲಭ, ನಡೆಸಿ ತೋರಿಸುವುದು ಕಷ್ಟ. ‘ಡಿಸ್ಟಿಲ್’ ತನ್ನ ಮಾತನ್ನು ಎಷ್ಟರಮಟ್ಟಿಗೆ ನಡೆಸಿತು ಎಂಬುದನ್ನು ಎರಡು ಲೇಖನಗಳ ಮೂಲಕ ನೋಡಬಹುದು.

ಮೊದಲನೆಯದು, ಪತ್ರಿಕೆಯ ಔಪಚಾರಿಕ ಆರಂಭಕ್ಕೂ ಮುಂಚೆ, 2016ರಲ್ಲಿ ಮಾರ್ಟಿನ್ ವಾಟನ್‌ಬರ್ಗ್, ಫರ್ನಾಂಡಾ ವಿಯೇಗಸ್ ಮತ್ತು ಇಯಾನ್ ಜಾನ್ಸನ್ ಬರೆದ ಲೇಖನ. ‘ಟಿ-ಸ್ನೀ’ ಎಂಬ ಗಣಿತದ ವಿಧಾನವೇ ಅದರ ವಸ್ತು. ನೂರಾರು ಗುಣಲಕ್ಷಣಗಳಿರುವ ಮಾಹಿತಿಯನ್ನು ಕಾಗದದ ಮೇಲಿನ ಚುಕ್ಕೆಗಳಾಗಿ ಹರಡಿ ತೋರಿಸುವ ವಿಧಾನವದು. ಚುಕ್ಕೆಗಳು ಗುಂಪುಗುಂಪಾಗಿ ಕೂಡಿಕೊಂಡಾಗ ನೋಡುವವನಿಗೆ ಏನೋ ಸತ್ಯ ಗೋಚರಿಸಿದಂತಾಗುತ್ತದೆ. ಲೇಖಕರು ಇಲ್ಲಿ ಓದುಗನ ಕೈಗೇ ಸರಿಸುವ ಗುಂಡಿಯನ್ನು ಕೊಡುತ್ತಾರೆ. ಅದನ್ನು ಆಚೀಚೆ ಸರಿಸಿದರೆ ಅದೇ ಮಾಹಿತಿ ಬೇರೆ ಬೇರೆ ಆಕಾರ ತಾಳುತ್ತದೆ. ಗುಂಪಿನ ಗಾತ್ರಕ್ಕೆ ಅರ್ಥವಿಲ್ಲ. ಗುಂಪುಗಳ ನಡುವಿನ ದೂರಕ್ಕೂ ಅನೇಕ ವೇಳೆ ಅರ್ಥವಿಲ್ಲ. ಬರೀ ಗೊಂದಲದ ಮಾಹಿತಿಯೂ ಕೆಲವೊಮ್ಮೆ ಅಂದವಾದ ಗುಂಪುಗಳಾಗಿ ಕಾಣುತ್ತದೆ. ಇದನ್ನು ವಾಕ್ಯದಲ್ಲಿ ಓದಿದ್ದರೆ ನಾವು ತಲೆದೂಗಿ ಮರೆತುಬಿಡುತ್ತಿದ್ದೆವು. ನಮ್ಮ ಕೈಯಾರೆ ಗುಂಡಿ ಸರಿಸಿ, ನಮ್ಮ ಕಣ್ಣು ನಮ್ಮನ್ನೇ ವಂಚಿಸುವುದನ್ನು ಕಂಡ ಮೇಲೆ ಮರೆಯಲಾಗುವುದಿಲ್ಲ. ಚಿತ್ರ ಇಲ್ಲಿ ಅಲಂಕಾರವಲ್ಲ, ಅದೇ ವಾದ. ಚಿತ್ರವನ್ನು ನಂಬಿಸುವುದಕ್ಕಿಂತ, ಚಿತ್ರವನ್ನು ಸಂದೇಹಿಸಲು ಕಲಿಸುವುದು ದೊಡ್ಡ ಪ್ರಾಮಾಣಿಕತೆ.

ಎರಡನೆಯದು 2019ರ ಮಾರ್ಚ್‌ನಲ್ಲಿ ಪ್ರಕಟವಾದ ‘ಆಕ್ಟಿವೇಶನ್ ಅಟ್ಲಾಸ್’. ಚಿತ್ರಗಳನ್ನು ಗುರುತಿಸಲು ತರಬೇತಿ ಪಡೆದ ನರಜಾಲ ಮಾದರಿಯೊಂದು ಒಳಗೊಳಗೇ ಏನನ್ನು ‘ನೋಡುತ್ತದೆ’ ಎಂಬುದನ್ನು ಭೂಪಟದ ಹಾಗೆ ಬಿಡಿಸಿಟ್ಟ ಲೇಖನವಿದು. ಓದುಗನು ಆ ಭೂಪಟದಲ್ಲಿ ಅಡ್ಡಾಡಬಹುದು. ಅದರಲ್ಲಿ ಬರುವ ಒಂದು ಉದಾಹರಣೆ ಅಡುಗೆಮನೆಯದು. ಮಾದರಿಯು ಸಾಧಾರಣ ಬಾಣಲೆಯನ್ನೂ ಚೀನೀಯರ ಆಳವಾದ ಬಾಣಲೆಯನ್ನೂ ಬೇರ್ಪಡಿಸಿ ಗುರುತಿಸುತ್ತದೆ. ಹೇಗೆ ಬೇರ್ಪಡಿಸುತ್ತದೆ ಎಂದು ಭೂಪಟದಲ್ಲಿ ಹುಡುಕಿದರೆ, ಪಾತ್ರೆಯ ಆಕಾರದ ಜೊತೆಗೆ ಅದರೊಳಗಿನ ನೂಡಲ್ಸ್ ಕೂಡ ಅದಕ್ಕೆ ಗುರುತಾಗಿರುವುದು ಬಯಲಾಗುತ್ತದೆ. ಸಾಧಾರಣ ಬಾಣಲೆಯ ಚಿತ್ರದ ಮೂಲೆಯಲ್ಲಿ ಒಂದಿಷ್ಟು ನೂಡಲ್ಸ್ ಅಂಟಿಸಿದರೆ ಯಂತ್ರ ಮೋಸಹೋಗಬಲ್ಲದು. ಹಾಗೆಯೇ ತಿಮಿಂಗಿಲದ ಚಿತ್ರಕ್ಕೆ ಬೇಸ್‌ಬಾಲ್ ಚೆಂಡಿನ ತುಣುಕನ್ನು ಸೇರಿಸಿದರೆ ಅದು ಶಾರ್ಕ್ ಮೀನೆಂದು ಹೇಳಬಲ್ಲದು.

ಇದನ್ನು ಓದಿ ನಕ್ಕು ಸುಮ್ಮನಾಗುವಂತಿಲ್ಲ. ಸರಿಯುತ್ತರ ಕೊಡುವ ಯಂತ್ರವು ಸರಿಯಾದ ಕಾರಣಕ್ಕಾಗಿಯೇ ಅದನ್ನು ಕೊಡುತ್ತದೆಂಬ ಖಾತ್ರಿಯಿಲ್ಲ ಎಂಬ ಗಂಭೀರ ಸತ್ಯ ಇಲ್ಲಿದೆ. ಬಾಣಲೆಯ ವಿಷಯದಲ್ಲಿ ತಪ್ಪಿದರೆ ಯಾರಿಗೂ ಹಾನಿಯಿಲ್ಲ. ರೋಗಿಯ ವಿಷಯದಲ್ಲಿ, ಸಾಲ ಕೇಳಿ ಬಂದ ರೈತನ ವಿಷಯದಲ್ಲಿ, ಆರೋಪಿಯ ವಿಷಯದಲ್ಲಿ ಹೀಗೆ ಪಕ್ಕದ ವಸ್ತುವನ್ನು ನೋಡಿ ತೀರ್ಪು ಕೊಟ್ಟರೆ? ಆದ್ದರಿಂದ ಯಂತ್ರದ ಒಳಗನ್ನು ತೆರೆದು ತೋರಿಸುವ ಬರಹ ಕೇವಲ ಕುತೂಹಲವನ್ನು ತಣಿಸುವಂಥದ್ದಲ್ಲ. ತೀರ್ಪಿಗೆ ಒಳಗಾಗುವವರ ಪರವಾಗಿ ಕೇಳಬೇಕಾದ ಪ್ರಶ್ನೆಯೊಂದನ್ನು ಅದು ಸಾಧ್ಯವಾಗಿಸುತ್ತದೆ.

ಜಗಳವಲ್ಲದ ಚರ್ಚೆ

ಪತ್ರಿಕೆಯ ಇನ್ನೊಂದು ಸಾಧನೆಯನ್ನೂ ಇಲ್ಲಿ ಸ್ಮರಿಸಬೇಕು. 2019ರಲ್ಲಿ ಆಂಡ್ರ್ಯೂ ಇಲ್ಯಾಸ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದ್ದರು. ಮನುಷ್ಯನ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯಿಂದ ಯಂತ್ರಗಳು ಮೋಸಹೋಗುವುದು ಅವುಗಳ ಕೊರತೆಯಿಂದಲ್ಲ, ಮನುಷ್ಯರು ಗಮನಿಸದ ಆದರೆ ಮಾಹಿತಿಯಲ್ಲಿ ನಿಜವಾಗಿಯೂ ಇರುವ ಲಕ್ಷಣಗಳನ್ನು ಅವು ಅವಲಂಬಿಸುವುದರಿಂದ ಎಂಬುದು ಅವರ ವಾದ. ಅದು ವಿವಾದಕ್ಕೆ ಎಡೆಗೊಟ್ಟಿತು. ‘ಡಿಸ್ಟಿಲ್’ ಅದೇ ವರ್ಷದ ಆಗಸ್ಟ್‌ನಲ್ಲಿ ಇತರ ಸಂಶೋಧಕರಿಂದ ಆರು ಪ್ರತಿಕ್ರಿಯೆಗಳನ್ನು ಬರೆಯಿಸಿ, ಮೂಲ ಲೇಖಕರ ಉತ್ತರಗಳೊಂದಿಗೆ ಒಟ್ಟಾಗಿ ಪ್ರಕಟಿಸಿತು. ಕೆಲವರು ಮೂಲ ಪ್ರಯೋಗವನ್ನು ತಾವೇ ಪುನಃ ಮಾಡಿ ನೋಡಿದರು, ಕೆಲವರು ಅದರ ಮಿತಿಗಳನ್ನು ತೋರಿಸಿದರು. ಮೂಲ ಲೇಖಕರು ಒಪ್ಪಬೇಕಾದಲ್ಲಿ ಒಪ್ಪಿ, ಒಪ್ಪದಲ್ಲಿ ಕಾರಣ ಕೊಟ್ಟರು.

ಎದುರಾಳಿಯನ್ನು ಗೆಲ್ಲುವುದಕ್ಕಿಂತ ವಿಷಯವನ್ನು ಬೆಳಗಿಸುವುದಕ್ಕಾಗಿ ನಡೆಯುವ ಇಂಥ ಚರ್ಚೆ ಯಾವ ಕ್ಷೇತ್ರದಲ್ಲೂ ಅಪರೂಪ. ಧರ್ಮಸಭೆಯೊಳಗಿನ ನಮ್ಮ ಚರ್ಚೆಗಳೂ ಎಷ್ಟೋ ಬಾರಿ ಈ ಮಟ್ಟಕ್ಕೆ ಏರುವುದಿಲ್ಲ ಎಂಬುದನ್ನು ವಿನಯದಿಂದ ಒಪ್ಪಿಕೊಳ್ಳಬೇಕು. ಅಂಥ ಸಂವಾದ ತಾನಾಗಿ ಆಗುವುದಿಲ್ಲ. ಅದಕ್ಕೆ ಆಹ್ವಾನಿಸುವ, ಕಾಯುವ, ಎರಡೂ ಕಡೆಯ ಮಾತನ್ನು ತಾಳ್ಮೆಯಿಂದ ತಿದ್ದುವ ಸಂಪಾದಕನೊಬ್ಬ ಬೇಕು. ಈ ಸಂಪಾದಕನ ಕಡೆಗೇ ಈಗ ನಮ್ಮ ದೃಷ್ಟಿಯನ್ನು ತಿರುಗಿಸೋಣ. ಏಕೆಂದರೆ ಪತ್ರಿಕೆಯ ಹಿರಿಮೆಯಂತೆಯೇ ಅದರ ಸಂಕಟವೂ ಅಲ್ಲಿಯೇ ಇದೆ.

ಹೊರಲಾಗದ ಹೊರೆ

ಸಂಖ್ಯೆಯ ದೃಷ್ಟಿಯಿಂದ ನೋಡಿದರೆ ‘ಡಿಸ್ಟಿಲ್’ ಬೆಳೆಯಲೇ ಇಲ್ಲ ಎನ್ನಬೇಕು. ಆ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಕುರಿತ ಪ್ರಬಂಧಗಳು ತಿಂಗಳಿಗೆ ಸಾವಿರದ ಲೆಕ್ಕದಲ್ಲಿ ಬರತೊಡಗಿದ್ದವು. ಈ ಪತ್ರಿಕೆಯಾದರೋ ತನ್ನ ಇಡೀ ಆಯುಷ್ಯದಲ್ಲಿ ನೂರು ಲೇಖನಗಳನ್ನೂ ಮುಟ್ಟಲಿಲ್ಲ. ಆದರೂ ಅದರ ಪ್ರಭಾವ ಅದರ ಗಾತ್ರವನ್ನು ಮೀರಿತ್ತು. ಸೌಮ್ಯವಾಗಿ, ಸ್ಪಷ್ಟವಾಗಿ ಬರೆದ ಅದರ ಲೇಖನಗಳನ್ನು ಹೊಸ ತಲೆಮಾರಿನ ವಿದ್ಯಾರ್ಥಿಗಳು ಪಾಠಗಳಂತೆ ಓದಿದರು. ಬೆಳವಣಿಗೆಯನ್ನು ಪುಟಗಳ ಎಣಿಕೆಯಿಂದ ಅಳೆಯಬಾರದು. ಒಬ್ಬರ ತಿಳಿವು ಇನ್ನೊಬ್ಬರ ತಿಳಿವಾಗಿ ಎಷ್ಟು ಚೆನ್ನಾಗಿ ಬೇರೂರಿತು ಎಂಬುದರಿಂದ ಅಳೆಯಬೇಕು. ಈ ಅರ್ಥದಲ್ಲಿ ಅದು ನಿಜವಾಗಿ ಬೆಳೆದ ಪತ್ರಿಕೆ.

ಆದರೆ ಈ ಬೆಳವಣಿಗೆಯ ಬೆಲೆಯನ್ನು ತೆತ್ತವರು ಯಾರು? 2021ರ ಜುಲೈನಲ್ಲಿ ಸಂಪಾದಕ ಮಂಡಳಿ ಪ್ರಕಟಿಸಿದ ವಿರಾಮದ ಹೇಳಿಕೆಯನ್ನು ಓದಿದವರಿಗೆ ಉತ್ತರ ಸಿಗುತ್ತದೆ. ಅದೊಂದು ಅಪರೂಪದ ಆತ್ಮಪರಿಶೀಲನೆ. ಹಣ ಸಾಲಲಿಲ್ಲ, ಓದುಗರು ಕೈಬಿಟ್ಟರು ಎಂಬ ಸಾಮಾನ್ಯ ದೂರುಗಳು ಅಲ್ಲಿಲ್ಲ. ಸಂಪಾದಕರು ಸ್ವಯಂಸೇವಕರು, ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ದುಡಿಯುವವರು. ಹೊಸ ಲೇಖಕನೊಬ್ಬನ ಬರಹವನ್ನು ಪತ್ರಿಕೆಯ ಮಟ್ಟಕ್ಕೆ ತರಲು ಒಂದೊಂದಕ್ಕೂ ಹತ್ತಾರು ಗಂಟೆ ಕುಳಿತು ತಿದ್ದಬೇಕಾಗುತ್ತಿತ್ತು. ತಾವು ಇಟ್ಟುಕೊಂಡ ಗುರಿಗೂ ಕೈಯಲ್ಲಾಗುವ ಕೆಲಸಕ್ಕೂ ನಡುವಿನ ಅಂತರ ಅವರನ್ನು ನಿರಂತರವಾಗಿ ಕಾಡಿತು. ಕೊನೆಗೆ ದಣಿದು ಬಸವಳಿದೆವು ಎಂಬುದನ್ನು ಅವರು ಮುಚ್ಚಿಡದೆ ಒಪ್ಪಿಕೊಂಡರು. ಒಂದು ವರ್ಷದ ವಿರಾಮವೆಂದೂ, ಅದು ಅನಿರ್ದಿಷ್ಟವಾಗಿ ಮುಂದುವರಿಯಬಹುದೆಂದೂ ಹೇಳಿದ್ದರು. ಮೊದಲೇ ಕೈಯಲ್ಲಿದ್ದ ಕೆಲವು ಲೇಖನಗಳು ಅದೇ ಸೆಪ್ಟೆಂಬರ್‌ನಲ್ಲಿ ಹೊರಬಂದವು. ಆ ಬಳಿಕ ಹೊಸ ಲೇಖನಗಳನ್ನು ಸ್ವೀಕರಿಸಲು ಪತ್ರಿಕೆ ಮರಳಿಲ್ಲ.

ಇದನ್ನು ಓದುವಾಗ ವಿಮೋಚನಕಾಂಡದ 18ನೆಯ ಅಧ್ಯಾಯ ನೆನಪಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯಗಳನ್ನು ಒಬ್ಬನೇ ಕುಳಿತು ತೀರಿಸುತ್ತಿದ್ದ ಮೋಶೆಯನ್ನು ಕಂಡು ಅವನ ಮಾವ ಇತ್ರೋನನು ಎಚ್ಚರಿಸುತ್ತಾನೆ. ಮೋಶೆಯ ಕೆಲಸ ಕೆಟ್ಟದೆಂದು ಅವನು ಹೇಳಲಿಲ್ಲ. ಆ ಕೆಲಸ ಮಾಡುವ ಬಗೆ ಸರಿಯಲ್ಲ, ಇದರಿಂದ ನೀನೂ ಬಳಲುವೆ, ಕಾದು ನಿಂತ ಜನರೂ ಬಳಲುವರು ಎಂದು ತಿಳಿಹೇಳಿದ. ಯೋಗ್ಯರನ್ನು ಆರಿಸಿ, ಹೊರೆಯನ್ನು ಹಂಚು, ಕಠಿಣವಾದುದನ್ನು ಮಾತ್ರ ನಿನ್ನ ಬಳಿ ತರಲಿ ಎಂಬುದು ಅವನ ಸಲಹೆ. ದೇವರೊಂದಿಗೆ ಮುಖಾಮುಖಿ ಮಾತನಾಡಿದ ಪ್ರವಾದಿಗೂ ದೇಹದ ಮಿತಿಯನ್ನು ನೆನಪಿಸಲು ಮನೆಯ ಹಿರಿಯನೊಬ್ಬ ಬರಬೇಕಾಯಿತು. ‘ಡಿಸ್ಟಿಲ್’ ಪತ್ರಿಕೆಗೆ ಅಂಥ ಇತ್ರೋನನೊಬ್ಬ ಸಕಾಲದಲ್ಲಿ ದೊರೆಯಲಿಲ್ಲವೇನೋ.

ಎರಡು ಆಕ್ಷೇಪಗಳು

ಮೆಚ್ಚುಗೆಯ ನಡುವೆಯೂ ವಿಮರ್ಶಕನು ತನ್ನ ಕರ್ತವ್ಯವನ್ನು ಮರೆಯಬಾರದು. ಈ ಪತ್ರಿಕೆಯ ಬಗ್ಗೆ ಎರಡು ಆಕ್ಷೇಪಗಳನ್ನು ಎತ್ತಬೇಕಾಗಿದೆ.

ಮೊದಲನೆಯದು, ಬಾಗಿಲಿನ ಕಿರಿದು. ಓದುವವರಿಗೆ ಪತ್ರಿಕೆ ಸಂಪೂರ್ಣ ಉಚಿತವಾಗಿತ್ತು. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಮರುಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಲೇಖನಗಳು ಪ್ರಕಟವಾಗುತ್ತಿದ್ದವು. ಆದರೆ ಬರೆಯುವವರ ವಿಷಯದಲ್ಲಿ ಹಾಗಲ್ಲ. ಅಲ್ಲಿನ ಮಟ್ಟದ ಲೇಖನ ಬರೆಯಲು ಗಣಿತವೂ ಬೇಕು, ಗಣಕದ ಪ್ರೋಗ್ರಾಂ ಬರೆಯುವ ನೈಪುಣ್ಯವೂ ಬೇಕು, ಚಿತ್ರಕಾರನ ಕಣ್ಣೂ ಬೇಕು, ಇವೆಲ್ಲಕ್ಕೂ ಮಿಗಿಲಾಗಿ ತಿಂಗಳುಗಟ್ಟಲೆ ಬಿಡುವು ಬೇಕು. ಇಂಥ ಅನುಕೂಲ ದೊಡ್ಡ ಕಂಪನಿಗಳ ಸಂಶೋಧನಾಲಯಗಳಲ್ಲಿ ಇರುವವರಿಗೆ ದೊರೆಯುವಷ್ಟು ಸುಲಭವಾಗಿ ಸಣ್ಣ ಊರಿನ ಕಾಲೇಜಿನ ಅಧ್ಯಾಪಕನಿಗೆ ದೊರೆಯದು. ಪತ್ರಿಕೆಯ ಅತ್ಯುತ್ತಮ ಲೇಖನಗಳಲ್ಲಿ ಅನೇಕವು ಸಂಪಾದಕರು ಮತ್ತು ಅವರ ಆಪ್ತವಲಯದಿಂದಲೇ ಬಂದವು ಎಂಬುದು ಆಕಸ್ಮಿಕವಲ್ಲ. ಸಾಲ ತೀರಿಸಲು ಹೊರಟ ಪತ್ರಿಕೆ, ಸಾಲ ತೀರಿಸುವ ಶಕ್ತಿ ಈಗಾಗಲೇ ಉಳ್ಳವರಿಗೆ ಮಾತ್ರ ಲೇಖನಿಯನ್ನು ಕೊಟ್ಟಂತಾಯಿತು.

ಎರಡನೆಯದು, ಪಾತ್ರಗಳ ಗೊಂದಲ. ಸಂಪಾದಕನು ಒಂದೇ ಸಮಯದಲ್ಲಿ ಗುರುವೂ ನ್ಯಾಯಾಧೀಶನೂ ಆಗಿದ್ದ. ಹೊಸಬರ ಪಕ್ಕದಲ್ಲಿ ಕುಳಿತು ತಿದ್ದಿ ಬೆಳೆಸುವುದು ಗುರುವಿನ ಕೆಲಸ. ಅದೇ ಲೇಖನ ಪ್ರಕಟಣೆಗೆ ಯೋಗ್ಯವೇ ಅಲ್ಲವೇ ಎಂದು ನಿಷ್ಪಕ್ಷಪಾತವಾಗಿ ತೀರ್ಮಾನಿಸುವುದು ನ್ಯಾಯಾಧೀಶನ ಕೆಲಸ. ತಿಂಗಳುಗಟ್ಟಲೆ ಜೊತೆಯಲ್ಲಿ ದುಡಿದ ಬಳಿಕ ‘ಇದು ಬೇಡ’ ಎನ್ನುವುದು ಎಷ್ಟು ಕಷ್ಟ! ತಾವೇ ಬರೆದುದನ್ನು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸುವಾಗ ಸಂಕೋಚ ಇನ್ನೂ ಹೆಚ್ಚು. ಈ ಇಕ್ಕಟ್ಟುಗಳನ್ನು ಸಂಪಾದಕರೇ ತಮ್ಮ ಹೇಳಿಕೆಯಲ್ಲಿ ಗುರುತಿಸಿದ್ದಾರೆ. ಇಂಥ ಬರಹಗಳನ್ನು ಲೇಖಕರು ತಾವೇ ಸ್ವತಂತ್ರವಾಗಿ ಪ್ರಕಟಿಸಿಕೊಳ್ಳುವುದು ಮೇಲಲ್ಲವೇ ಎಂಬ ಸಂದೇಹವನ್ನೂ ವ್ಯಕ್ತಪಡಿಸಿದ್ದಾರೆ.

ಆ ಸಂದೇಹಕ್ಕೆ ನನ್ನ ಸಮ್ಮತಿ ಅರ್ಧ ಮಾತ್ರ. ಹೆಸರಾದವರು ತಾವೇ ಪ್ರಕಟಿಸಿಕೊಂಡರೆ ಓದುಗರು ಹುಡುಕಿಕೊಂಡು ಬರುತ್ತಾರೆ. ಹೆಸರಿಲ್ಲದ ಹೊಸಬರ ಪಾಡೇನು? ಅವರ ಬರಹವನ್ನು ತಿದ್ದಿ, ಬೆನ್ನುತಟ್ಟಿ, ತನ್ನ ಹೆಸರಿನ ನೆರಳಿನಲ್ಲಿ ನಿಲ್ಲಿಸಿಕೊಳ್ಳುವ ಪತ್ರಿಕೆ ಇಲ್ಲವಾದರೆ ಅವರ ಪ್ರತಿಭೆ ಬೆಳಕಿಗೆ ಬರುವ ದಾರಿಯೊಂದು ಮುಚ್ಚಿದಂತೆಯೇ. ಪತ್ರಿಕೆಯ ಮಟ್ಟವನ್ನು ತುಸು ಇಳಿಸಿ, ಚಿತ್ರಗಳಿಲ್ಲದ ಸರಳ ವಿವರಣೆಗೂ ಒಂದು ಮೂಲೆಯನ್ನು ಕೊಟ್ಟು, ತಿದ್ದುವವರನ್ನೂ ತೀರ್ಮಾನಿಸುವವರನ್ನೂ ಬೇರೆ ಬೇರೆ ಮಾಡಿದ್ದರೆ ಅದು ಉಳಿಯುತ್ತಿತ್ತೇ? ಖಚಿತವಾಗಿ ಹೇಳಲಾಗದು. ಆದರೆ ಪರಿಪೂರ್ಣತೆಯೊಂದನ್ನೇ ಪ್ರೀತಿಸಿದ ಸಂಸ್ಥೆ ತನ್ನ ಸೇವಕರನ್ನು ಕಳೆದುಕೊಳ್ಳುತ್ತದೆ ಎಂಬುದಂತೂ ಸ್ಪಷ್ಟ.

ನಿಂತುಹೋದುದೆಲ್ಲ ಸೋತುದಲ್ಲ

ಹಾಗೆಂದು ಈ ಕಥೆಯನ್ನು ಸೋಲಿನ ಕಥೆಯೆಂದು ಓದಬಾರದು. ಕನ್ನಡದ ಮೊದಲ ಪತ್ರಿಕೆಯ ಚರಿತ್ರೆ ಬಲ್ಲ ನಮಗಂತೂ ಹಾಗೆ ಓದುವುದು ಸಲ್ಲದು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಆ ಪಾಕ್ಷಿಕ ಆ ಹೆಸರಿನಲ್ಲಿ ಬದುಕಿದ್ದು ಒಂದು ವರ್ಷಕ್ಕೂ ಕಡಿಮೆ. 1844ರಲ್ಲಿ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾಯಿತು. ಅದು ಅಲ್ಪಾಯುಷಿಯೆಂದು ಇಂದು ಯಾರೂ ಹೀಗಳೆಯುವುದಿಲ್ಲ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಪತ್ರಿಕೆಯ ಆಯುಷ್ಯ ಒಂದು, ಅದು ಬಿತ್ತಿದ ಬೀಜದ ಆಯುಷ್ಯ ಇನ್ನೊಂದು.

‘ಡಿಸ್ಟಿಲ್’ ವಿಷಯದಲ್ಲೂ ಇದು ನಿಜ. ನರಜಾಲದೊಳಗಿನ ಸಣ್ಣ ಸಣ್ಣ ಸಂಪರ್ಕಗಳನ್ನು ಜೀವಶಾಸ್ತ್ರಜ್ಞನು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ನೋಡಬೇಕೆಂದು 2020ರಲ್ಲಿ ಅದು ಆರಂಭಿಸಿದ ಲೇಖನಮಾಲೆ, ಯಂತ್ರದ ಒಳಗನ್ನು ಅರಿಯುವ ಇಂದಿನ ಸಂಶೋಧನೆಯ ಒಂದು ಮುಖ್ಯ ಮೂಲವಾಗಿ ಉಳಿದಿದೆ. ಅದರ ಪುಟವಿನ್ಯಾಸದ ಮಾದರಿಯನ್ನು ಅನೇಕ ಸಂಶೋಧಕರು ಇಂದಿಗೂ ತಮ್ಮ ಬರಹಗಳಿಗೆ ಬಳಸುತ್ತಾರೆ. ಹಳೆಯ ಲೇಖನಗಳು ಈಗಲೂ ಓದಲು ಲಭ್ಯವಿವೆ. ದಣಿವಿನಿಂದ ಮಟ್ಟ ಇಳಿಸಿ, ಹೆಸರಿಗಾಗಿ ಮಾತ್ರ ಎಳೆದಾಡಿಕೊಂಡು ಹೋಗುವುದಕ್ಕಿಂತ, ಸಂದೇಹಗಳನ್ನು ಬಹಿರಂಗವಾಗಿ ಒಪ್ಪಿಕೊಂಡು ನಿಂತುದು ಗೌರವಕ್ಕೆ ಅರ್ಹವಾದುದು. ಸಬ್ಬತ್ತಿನ ಆಜ್ಞೆಯನ್ನು ದೇವರು ಸೋಮಾರಿಗಳಿಗಾಗಿ ಕೊಡಲಿಲ್ಲ; ದುಡಿಯುವವರಿಗಾಗಿ ಕೊಟ್ಟರು.

ಇಂದು ಈ ಸೇವೆ ಬೇಕೇ?

ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ. ಪತ್ರಿಕೆ ವಿರಾಮ ಘೋಷಿಸಿದ ಮರುವರ್ಷ, 2022ರ ನವೆಂಬರ್‌ನಲ್ಲಿ, ‘ಚಾಟ್‌ಜಿಪಿಟಿ’ ಬಳಕೆಗೆ ಬಂದಿತು. ಕೇಳಿದ ಕೂಡಲೇ ಯಾವ ವಿಷಯವನ್ನಾದರೂ ಸರಳವಾಗಿ ವಿವರಿಸುವ ಯಂತ್ರ ಈಗ ಮೊಬೈಲಿನಲ್ಲೇ ಇದೆ. ಹಾಗಿರುವಾಗ ಒಂದು ಲೇಖನಕ್ಕೆ ಹತ್ತಾರು ಗಂಟೆ ಸುರಿಯುವ ಸಂಪಾದಕನ ಅಗತ್ಯವೇನು? ಅರ್ಥ ಹೇಳುವ ವರದಾನವನ್ನೂ ಯಂತ್ರವೇ ವಹಿಸಿಕೊಂಡಿತಲ್ಲವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಶಿಕ್ಷಕರಿಲ್ಲದ ಊರಿನ ವಿದ್ಯಾರ್ಥಿಗೆ ಅಂಥ ಯಂತ್ರದಿಂದ ನಿಜವಾದ ಉಪಕಾರವಾಗಬಹುದು. ಆದರೆ 2025ರ ಜನವರಿ 28ರಂದು ವ್ಯಾಟಿಕನ್‌ನ ಎರಡು ಇಲಾಖೆಗಳು ಒಟ್ಟಾಗಿ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿ ಒಂದು ಮುಖ್ಯ ವಿವೇಚನೆಯನ್ನು ಮುಂದಿಡುತ್ತದೆ. ಕೃತಕ ಬುದ್ಧಿಮತ್ತೆಯನ್ನು ಮಾನವ ಬುದ್ಧಿಯ ಇನ್ನೊಂದು ರೂಪವೆಂದು ಕಾಣದೆ, ಮಾನವ ಬುದ್ಧಿಯ ಉತ್ಪನ್ನವೆಂದು ಕಾಣಬೇಕು ಎಂಬುದು ಅದರ ನಿಲುವು. ವಿವರಣೆಗೂ ಇದು ಅನ್ವಯಿಸುತ್ತದೆ. ಯಂತ್ರ ಕೊಡುವ ವಿವರಣೆ ಸ್ಪಷ್ಟವಾಗಿರಬಹುದು, ಆದರೆ ಅದು ಸರಿಯೆಂದು ಹೊಣೆ ಹೊರುವವರು ಯಾರು? ಟಿ-ಸ್ನೀಯ ಅಂದವಾದ ಗುಂಪುಗಳಂತೆ, ಅಂದವಾದ ವಾಕ್ಯಗಳೂ ನಮ್ಮನ್ನು ವಂಚಿಸಬಲ್ಲವು. ತನ್ನ ಹೆಸರನ್ನು ಕೆಳಗೆ ಬರೆದು, ಬಂದ ಪ್ರಶ್ನೆಗೆ ಉತ್ತರಿಸಿ, ತಪ್ಪಾದಲ್ಲಿ ತಿದ್ದಿಕೊಳ್ಳುವ ಮನುಷ್ಯ ಆ ವಾಕ್ಯದ ಹಿಂದೆ ಇದ್ದಾಗ ಮಾತ್ರ ಅದು ಸಾಕ್ಷ್ಯವಾಗುತ್ತದೆ. ಆದ್ದರಿಂದ ಅರ್ಥ ಹೇಳುವವರ ಸೇವೆ ಇಂದು ಅನಗತ್ಯವಾಗಿಲ್ಲ, ಹಿಂದೆಂದಿಗಿಂತ ಹೆಚ್ಚು ಅಗತ್ಯವಾಗಿದೆ.

ಆ ಸೇವೆಯನ್ನು ಕೈಗೊಳ್ಳುವವರಿಗೆ ‘ಡಿಸ್ಟಿಲ್’ ಬಿಟ್ಟುಹೋದ ಪಾಠ ಇಷ್ಟು: ಸ್ಪಷ್ಟತೆಯನ್ನು ನೆರೆಯವರಿಗೆ ಸಲ್ಲಿಸಬೇಕಾದ ಋಣವೆಂದು ತಿಳಿಯಿರಿ, ಆದರೆ ಆ ಋಣವನ್ನು ಕೆಲವರ ಬೆನ್ನಿನ ಮೇಲೆ ಮಾತ್ರ ಹೇರಬೇಡಿ. ಗೋಪುರ ಕಟ್ಟಲು ಹೊರಡುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಕಲಿಸಿದ್ದಾರೆ. ಪತ್ರಿಕೆ ಕಟ್ಟುವವನ ಲೆಕ್ಕದಲ್ಲಿ ಕಾಗದ, ಅಚ್ಚು, ಅಂಚೆಗಳಷ್ಟೇ ಇದ್ದರೆ ಸಾಲದು. ರಾತ್ರಿ ಹನ್ನೊಂದಕ್ಕೆ ದೀಪ ಹಚ್ಚಿ ಇನ್ನೊಬ್ಬರ ಬರಹವನ್ನು ತಿದ್ದುವ ಆ ಒಂದು ಜೀವವೂ ಲೆಕ್ಕಕ್ಕೆ ಬರಬೇಕು. ಧರ್ಮಪ್ರಾಂತ್ಯದ ಈ ಮಾಸಪತ್ರಿಕೆಯಂಥ ಪುಟ್ಟ ಪತ್ರಿಕೆಗಳೂ ಇಂಥ ಜೀವಗಳಿಂದಲೇ ಉಳಿದಿವೆ. ಮುಂದಿನ ಸಂಚಿಕೆ ಕೈಗೆ ಬಂದಾಗ ಓದುಗರು ಅವರಿಗಾಗಿ ಒಂದು ಕ್ಷಣ ಪ್ರಾರ್ಥಿಸಲಿ. ಸಾಧ್ಯವಿದ್ದವರು ಪ್ರಾರ್ಥಿಸುವುದರ ಜೊತೆಗೆ, ಹೊರೆಯ ಒಂದು ತುದಿಗೆ ತಮ್ಮ ಹೆಗಲನ್ನೂ ಕೊಡಲಿ.